ಕೈಯಲ್ಲಿ ಮನೆ ಕಳೆದರೆ

ಹುಬ್ಬಳ್ಳಿಯ ಸಮ್ಮತಿ ಕೇಂದ್ರದಲ್ಲಿ ‘ಹೌದು’ ಎಂದರೆ ರೊಟ್ಟಿ, ‘ಇಲ್ಲ’ ಎಂದರೆ ಮನೆ. ಹೊರಗಿನವರಿಗೆ ಹುಚ್ಚರ ಮಾತಿನಂತೆ ಕೇಳಿಸಬಹುದು. ಆದರೆ ಕಣ್ಣು ಬಿಡದೆ, ನಾಲಿಗೆ ಆಡಿಸದೆ, ಉಸಿರಿಗೂ ಯಂತ್ರವನ್ನೇ ನೆಚ್ಚಿಕೊಂಡು ವರ್ಷಗಟ್ಟಲೆ ಮಲಗಿದವರೊಂದಿಗೆ ಮಾತಾಡಲು ಇದಕ್ಕಿಂತ ಒಳ್ಳೆಯ ದಾರಿ ಯಾರಿಗೂ ಹೊಳೆದಿರಲಿಲ್ಲ.

ಅಂಥವರ ಯಂತ್ರವನ್ನು ಮುಂದುವರಿಸಬೇಕೋ ನಿಲ್ಲಿಸಬೇಕೋ ಎಂಬುದನ್ನು ಮೊದಲೆಲ್ಲ ಡಾಕ್ಟರರೂ ನೆಂಟರೂ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ತೀರ್ಮಾನಿಸುತ್ತಿದ್ದರು. ಹೊಸ ಕಾಯ್ದೆ ಬಂದಮೇಲೆ ಅದು ನಿಂತಿತು. ಮಲಗಿದವರನ್ನೇ ಕೇಳಬೇಕು, ಅವರು ಹೇಳಿದ್ದೇ ಕೊನೆಯ ಮಾತು ಎಂದಿತು ಕಾಯ್ದೆ. ಕೇಳುವುದು ಹೇಗೆ? ರೋಗಿಯನ್ನು ಸ್ಕ್ಯಾನ್ ಯಂತ್ರದ ಕೊಳವೆಯೊಳಗೆ ಮಲಗಿಸಿ, ಕಿವಿಗೆ ಹೆಡ್‌ಫೋನ್ ಇಟ್ಟು ಹೇಳುತ್ತಾರೆ: ಹೌದು ಅನ್ನಬೇಕಾದರೆ ರೊಟ್ಟಿ ಬಡಿಯುತ್ತಿದ್ದೇನೆ ಎಂದು ನೆನೆಸಿಕೊ, ಇಲ್ಲ ಅನ್ನಬೇಕಾದರೆ ನಿನ್ನ ಮನೆಯ ಹೊಸ್ತಿಲಿನಿಂದ ಹಿತ್ತಲಿನವರೆಗೆ ಅಡ್ಡಾಡುತ್ತಿದ್ದೇನೆ ಎಂದು ನೆನೆಸಿಕೊ. ಕೈ ಅಲ್ಲಾಡದಿದ್ದರೂ ಕೈಗೆಲಸವನ್ನು ನೆನೆದಾಗ ಮಿದುಳಿನ ಒಂದು ಭಾಗಕ್ಕೆ ರಕ್ತ ಹೆಚ್ಚು ಹರಿಯುತ್ತದೆ. ಬಾಗಿಲು, ಪಡಸಾಲೆ, ಅಡುಗೆಮನೆ ನೆನೆದಾಗ ಇನ್ನೊಂದು ಭಾಗಕ್ಕೆ. ಎರಡು ಸೆಕೆಂಡಿಗೊಮ್ಮೆ ಯಂತ್ರ ಅದರ ಚಿತ್ರ ತೆಗೆಯುತ್ತದೆ.

ಆ ಚಿತ್ರಗಳಿಂದ ಉತ್ತರವನ್ನು ಹೆಕ್ಕುವವಳು ನೀಲಗಂಗಾ ಹಾವನೂರ. ಸಂಖ್ಯಾಶಾಸ್ತ್ರ ಓದಿದವಳು, ಮೂವತ್ತೆಂಟು ವರ್ಷ, ಕೆಲಸದಲ್ಲಿ ಬಲು ಚುರುಕು. ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು; ಇರಬೇಕಾದದ್ದೇ. ಯಂತ್ರದ ಜೊತೆ ಬಂದ ಪುಸ್ತಕದಲ್ಲಿ ರೊಟ್ಟಿ ಎಲ್ಲಿತ್ತು? ಟೆನಿಸ್ ಆಡುತ್ತಿದ್ದೇನೆ ಎಂದು ನೆನೆಸಿಕೊಳ್ಳಲು ಹೇಳಿ ಎಂದಿತ್ತು. ನವಲಗುಂದದ ಅಜ್ಜಿಗೆ ಟೆನಿಸ್ ಎಲ್ಲಿಂದ ಬರಬೇಕು! ಮೊದಲ ಎರಡು ತಿಂಗಳು ಒಬ್ಬರ ಮಿದುಳೂ ಬೆಳಗಲಿಲ್ಲ. ಒಂದು ಸಂಜೆ ಅತ್ತೆ ಈರವ್ವ ಒಲೆಯ ಮುಂದೆ ಕೂತು ಪಟಪಟನೆ ರೊಟ್ಟಿ ಬಡಿಯುವುದನ್ನು ನೋಡುತ್ತಿದ್ದಾಗ ನೀಲಗಂಗಾಗೆ ಹೊಳೆಯಿತು. ಮುಂದಿನ ವಾರವೇ ಮೂವರು ಹೆಂಗಸರು ಮಾತಾಡಿದರು. ಗಂಡಸರಿಗೆ ಹಗ್ಗ ಹೊಸೆಯುವ ಕೆಲಸ ಕೊಟ್ಟರು, ಅವರೂ ಮಾತಾಡಿದರು.

ಅವಳ ಲೆಕ್ಕ ಹೇಳಲು ಸುಲಭ. ಉತ್ತರದ ಹೊತ್ತಿನ ಚಿತ್ರದಲ್ಲಿ ಕೈಯ ಗುರುತು ಎಷ್ಟಿದೆ ಎಂಬುದಕ್ಕೆ ಒಂದು ಅಂಕಣ, ಮನೆಯ ಗುರುತು ಎಷ್ಟಿದೆ ಎಂಬುದಕ್ಕೆ ಇನ್ನೊಂದು. ಮೊದಲನೆಯದಕ್ಕೆ ಪ್ಲಸ್ ಒಂದು ತೂಕ, ಎರಡನೆಯದಕ್ಕೆ ಮೈನಸ್ ಒಂದು. ಈ ತೂಕಗಳ ಸಾಲಿಗೆ ಕಾಂಟ್ರಾಸ್ಟ್ ಎಂದು ಹೆಸರು. ತೂಕಗಳನ್ನು ಕೂಡಿದರೆ ಸೊನ್ನೆ ಬರಬೇಕು, ಖಾಲಿ ತಕ್ಕಡಿಯ ಮುಳ್ಳು ನಡುವೆ ನಿಲ್ಲುವ ಹಾಗೆ. ಕೈಯಲ್ಲಿ ಮನೆ ಕಳೆದು ಉಳಿದದ್ದು ಸೊನ್ನೆಗಿಂತ ಮೇಲಿದ್ದರೆ ಹೌದು, ಕೆಳಗಿದ್ದರೆ ಇಲ್ಲ. ಒಂದು ಜೀವದ ಮಾತು ಅಷ್ಟರಲ್ಲಿ ಮುಗಿಯುತ್ತಿತ್ತು.

ಅವತ್ತು ಮಂಗಳವಾರ. ಕೇಂದ್ರಕ್ಕೆ ಹೊಸ ಪ್ರೋಗ್ರಾಮ್ ಬಂದಿತ್ತು. ಹಳೆಯ ಕೇಸುಗಳನ್ನೆಲ್ಲ ಅದರಲ್ಲಿ ಮತ್ತೊಮ್ಮೆ ಓಡಿಸಿ, ಉತ್ತರ ಹೊಂದುತ್ತದೆಯೋ ನೋಡಿ ದಾಖಲೆಗೆ ಸೇರಿಸಬೇಕಿತ್ತು. ಬೇಸರದ ಕೆಲಸ. ಒಂದೊಂದಾಗಿ ಹಸಿರು ಗುರುತು ಬೀಳುತ್ತಾ ಹೋಯಿತು. ನೂರಾಹದಿನೇಳನೆಯದಕ್ಕೆ ಪರದೆ ಕೆಂಪಾಯಿತು. ‘ಕಾಂಟ್ರಾಸ್ಟ್ ಕಟ್ಟಲಾಗದು. ತೂಕಗಳು ಅಂಕಣಗಳಿಗೆ ಹೊಂದುತ್ತಿಲ್ಲ.’

ಕೇಸಿನ ನಂಬರು ನೋಡಿ ನೀಲಗಂಗಾಗೆ ನಗು ಬಂತು. ಕಸ್ತೂರಿ! ಅವಳು ಬಲ್ಲ ಕೇಸುಗಳಲ್ಲೆಲ್ಲ ಮನಸ್ಸಿಗೆ ಹಿತವಾದದ್ದು ಅದೊಂದೇ.

ಗದಗಿನ ಬಸ್‌ಸ್ಟ್ಯಾಂಡಿನ ಹಿಂದೆ ಖಾನಾವಳಿ ನಡೆಸುತ್ತಿದ್ದ ಫಕ್ಕೀರವ್ವನ ಮಗಳು ಕಸ್ತೂರಿ. ಕೊಟ್ಟ ಮನೆಯಿಂದ ಎರಡೇ ವರ್ಷಕ್ಕೆ ತಿರುಗಿ ಬಂದು ತಾಯಿಯ ಜೊತೆ ನಿಂತವಳು. ತಾಯಿ ಪಲ್ಯ ಮಾಡಿದರೆ ಮಗಳು ದಿನಕ್ಕೆ ಇನ್ನೂರು ರೊಟ್ಟಿ ಬಡಿಯುತ್ತಿದ್ದಳು. ಇಪ್ಪತ್ತೊಂಬತ್ತನೆಯ ವಯಸ್ಸಿಗೆ ಅವಳ ಸ್ಕೂಟರಿಗೆ ಟ್ರ್ಯಾಕ್ಟರಿನ ಟ್ರೇಲರ್ ಬಡಿಯಿತು. ಆಮೇಲೆ ಎದ್ದವಳಲ್ಲ.

ಹದಿನಾಲ್ಕು ತಿಂಗಳ ಹಿಂದೆ ಕಸ್ತೂರಿಯ ಉತ್ತರವನ್ನು ತಾಯಿಗೆ ಹೇಳಿದವಳು ನೀಲಗಂಗಾನೇ. ಕಾಗದ ಕೊಟ್ಟು ಕಳಿಸಿದರೆ ಸಾಕಿತ್ತು. ಆದರೆ ಆ ಹೆಂಗಸಿನ ಮುಖ ನೋಡಿ ಸುಮ್ಮನಿರಲಾರದೆ ಕಂಪ್ಯೂಟರಿನ ಮುಂದೆ ಕೂರಿಸಿ ಚಿತ್ರವನ್ನೇ ತೋರಿಸಿದ್ದಳು.

“ನೋಡ್ರಿ ಯವ್ವಾ, ಈ ಜಾಗ ಕೈಯಿಂದು. ಉಸಿರಿನ ಯಂತ್ರ ಮುಂದುವರಸೋಣೇನು ಅಂತ ಐದು ಸಲ ಕೇಳಿದ್ವಿ. ಐದೂ ಸಲ ನಿಮ್ಮ ಮಗಳು ರೊಟ್ಟಿ ಬಡದಾಳ.”

“ರೊಟ್ಟಿ ಬಡದಾಳೇನ?” ಎಂದಿದ್ದಳು ಫಕ್ಕೀರವ್ವ.

“ಹೂಂನ್ರಿ. ಬೇಕು ಅಂದಾಳ.”

“ಮನಿಯಾಗ ಅಡ್ಡಾಡಿಲ್ಲೇನ? ಒಂದ ಸಲನೂ?”

“ನೋವೈತೇನು ಅಂತ ಕೇಳಿದಾಗ ಅಡ್ಡಾಡ್ಯಾಳ. ಅಂದ್ರ ನೋವಿಲ್ಲ. ಚಿಂತಿ ಮಾಡಬ್ಯಾಡ್ರಿ.”

ಫಕ್ಕೀರವ್ವ ಬಹಳ ಹೊತ್ತು ಚಿತ್ರವನ್ನೇ ನೋಡಿದಳು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ನೀಲಗಂಗಾಗೂ ಕಣ್ಣು ತುಂಬಿ ಬಂತು. ಕ್ಯಾಂಟೀನಿಗೆ ಕರೆದೊಯ್ದು ಚಹಾ ಕುಡಿಸಿದಳು. ಚಹಾ ಕುಡಿಯುತ್ತಾ ಆ ತಾಯಿ ಮಗಳ ಸುದ್ದಿಯನ್ನೇ ಹೇಳಿದಳು. “ಭಾಳ ಸಿಟ್ಟಿನಾಕಿ ನನ್ನ ಮಗಳು. ಸಣ್ಣಾಕಿದ್ದಾಗಿಂದ ಹಂಗ. ಸಿಟ್ಟು ಬಂತಂದ್ರ ಮೂರು ದಿನ ಮಾತಾಡಂಗಿಲ್ಲ. ನಾಕನೇ ದಿನ ತಾನಾಗೇ ಬಂದು ಬಿಸಿ ರೊಟ್ಟಿಗೆ ಕೂಡ್ತಾಳ.” ಅವತ್ತು ಮನೆಗೆ ಹೋದ ನೀಲಗಂಗಾ, ಒಂದು ಒಳ್ಳೆಯ ಕೆಲಸ ಮಾಡಿದೆ ಎಂದು ಅತ್ತೆಯ ಮುಂದೆ ಹೇಳಿಕೊಂಡಿದ್ದಳು.

ಈಗ ಅದೇ ಕೇಸು ಮೊಂಡು ಹಿಡಿದು ನಿಂತಿತ್ತು. ಅವಳು ತಿಳಿದ ದಾರಿಯಲ್ಲೇ ಹುಡುಕಿದಳು. ರೋಗಿಯ ತಲೆ ಅಲುಗಿದ್ದನ್ನು ಸರಿದೂಗಿಸುವ ಅಂಕಣಗಳು ಎಲ್ಲಾದರೂ ನಡುವೆ ತೂರಿಕೊಂಡಿವೆಯೋ ಎಂದು ನೋಡಿದಳು. ಇಲ್ಲ, ಕೊನೆಯಲ್ಲೇ ಇದ್ದವು. ತೂಕಗಳನ್ನು ಕೂಡಿದಳು, ಸೊನ್ನೆಯೇ ಬಂತು. ಅಂಕಣಗಳ ಸಂಖ್ಯೆ ಎಣಿಸಿದಳು, ಸರಿಯಿತ್ತು. ಕೊನೆಗೆ ಅಂಕಣಗಳ ತಲೆಬರಹ ಓದಿದಳು. ಹಳೆಯ ಪ್ರೋಗ್ರಾಮ್ ಮೊದಲನೆಯದು, ಎರಡನೆಯದು ಎಂದು ಸ್ಥಾನ ನೋಡಿಯೇ ತೂಕ ಹಾಕುತ್ತಿತ್ತು. ಹೊಸದು ಸ್ಕ್ಯಾನ್ ಕೋಣೆಯಿಂದ ಬಂದ ಹೆಸರುಗಳನ್ನೂ ಓದುತ್ತಿತ್ತು. ಮೊದಲ ದಿನ, ‘ನಿನ್ನ ಹೆಸರು ಕಸ್ತೂರಿಯೇ’ ಎಂಬಂಥ ಪರೀಕ್ಷೆಯ ಪ್ರಶ್ನೆಗಳ ದಿನ, ‘ಹೌದು: ಕೈ, ಇಲ್ಲ: ಮನೆ’ ಎಂದಿತ್ತು. ಎರಡನೆಯ ದಿನ, ನಿಜವಾದ ಪ್ರಶ್ನೆಗಳ ದಿನ, ‘ಇಲ್ಲ: ಕೈ, ಹೌದು: ಮನೆ’ ಎಂದಿತ್ತು.

ದಾವಲ್‌ಸಾಬ್ ಟೈಪು ಮಾಡುವಾಗ ಉಲ್ಟಾ ಮಾಡಿದ್ದಾನೆ, ಎಂದುಕೊಂಡಳು ನೀಲಗಂಗಾ. ಸ್ಕ್ಯಾನ್ ಯಂತ್ರ ನಡೆಸುವವನು ಅವನು. ಅವಳು ಎರಡನೆಯ ದಿನದ ಹೆಸರುಗಳನ್ನು ಮೊದಲ ದಿನದಂತೆಯೇ ತಿದ್ದಿ ಗುಂಡಿ ಒತ್ತಿದಳು. ಕೆಂಪು ಹೋಗಿ ಹಸಿರು ಬಂತು. ಉತ್ತರ: ಹೌದು. ಹಳೆಯದಕ್ಕೂ ಹೊಸದಕ್ಕೂ ತಾಳೆಯಾಯಿತು. ಒಂದು ಗುಟುಕು ನೀರು ಕುಡಿದು ನೂರಾಹದಿನೆಂಟಕ್ಕೆ ಹೋಗಬೇಕು, ಅಷ್ಟರಲ್ಲಿ ಹೆಸರುಗಳ ಪಕ್ಕದಲ್ಲಿ ಷರಾ ಎಂಬ ಸಣ್ಣ ಚೌಕ ಕಣ್ಣಿಗೆ ಬಿತ್ತು. ಅದರಲ್ಲಿ ಬರೆದಿತ್ತು: ‘ತಾಯಿಯವರ ಕೋರಿಕೆಯ ಮೇರೆಗೆ ಬದಲಿಸಿದೆ. ರೋಗಿಗೆ ಮೂರು ಸಲ ತಿಳಿಸಿ ಹೇಳಿದೆ. ದಾ. ನದಾಫ್.’

ನೀಲಗಂಗಾ ಕುರ್ಚಿಯಿಂದ ಎದ್ದಳು, ಮತ್ತೆ ಕೂತಳು. ತಿದ್ದಿದ್ದನ್ನು ಅಳಿಸಿ ಮೊದಲಿನಂತೆ ಬರೆದಳು. ಎರಡನೆಯ ದಿನಕ್ಕೆ ಮಾತ್ರ ತೂಕಗಳನ್ನು ತಿರುಗಿಸಿ ಹಾಕಿ ಗುಂಡಿ ಒತ್ತಿದಳು. ನೋವಿದೆಯೇ? ಹೌದು, ಐದಕ್ಕೆ ಐದು. ಯಂತ್ರ ಮುಂದುವರಿಸಬೇಕೇ? ಇಲ್ಲ. ಐದಕ್ಕೆ ಐದು.

ಕಸ್ತೂರಿ ಇನ್ನೂ ಇದೇ ಕಟ್ಟಡದ ಮೂರನೆಯ ಮಹಡಿಯಲ್ಲಿ ಮಲಗಿದ್ದಳು. ಬದುಕುತ್ತೇನೆ ಎಂದವರನ್ನು ಸರ್ಕಾರವೇ ನೋಡಿಕೊಳ್ಳುವ ವಾರ್ಡು ಅದು. ‘ನೋವಿಲ್ಲ ಎಂದು ರೋಗಿಯೇ ತಿಳಿಸಿರುವುದರಿಂದ ನೋವಿನ ಔಷಧ ಬೇಕಿಲ್ಲ’ ಎಂದು ಫೈಲಿನಲ್ಲಿ ಬರೆದಿತ್ತು. ಕೆಳಗೆ ನೀಲಗಂಗಾಳ ಸಹಿ ಇತ್ತು.

ದಾವಲ್‌ಸಾಬ್ ಕಾಂಪೌಂಡಿನ ಬೇವಿನ ಮರದ ಕೆಳಗೆ ಚಹಾ ಕುಡಿಯುತ್ತಿದ್ದ. ಐವತ್ತು ದಾಟಿದ ಮನುಷ್ಯ, ಕೊಳವೆಯೊಳಗೆ ಹೋಗುವ ಪ್ರತಿಯೊಬ್ಬರ ಹಣೆ ಸವರಿ ‘ಹೆದರಬ್ಯಾಡ್ರಿ’ ಅನ್ನದೆ ಯಂತ್ರ ಶುರು ಮಾಡುವವನಲ್ಲ. ಅವಳು ಹೇಳಿದ್ದು ಅವನಿಗೆ ತಟ್ಟನೆ ಅರ್ಥವಾಗಲಿಲ್ಲ.

“ಎರಡನೇ ದಿನ ಮುಂಜಾನೆ ಆ ತಾಯಿ ಬಂದು ನನ್ನ ಕೈ ಹಿಡಕೊಂಡ್ಲು ಮೇಡಂ. ದೀಪ ಹಚ್ಚೂ ಮನಿಯಾಗ ನಿಂತು ನನ್ನ ಮಗಳು ಇಲ್ಲ ಅನ್ನಬಾರ್ದು, ಅಪಶಕುನ, ಮನಿ ಅಂದ್ರ ಹೌದು ಅಂತ ಮಾಡ್ರಿ ಅಂದ್ಲು. ಮನಿಮಂದಿ ಕೇಳಿದ್ರ ಬದಲಸಬಹುದು ಅಂತ ನಿಯಮದಾಗ ಐತೆಲ್ರಿ. ಬದಲಸಿದೆ.”

“ನನಗೊಂದು ಮಾತು ಹೇಳಬೇಕಿಲ್ಲೇನ್ರಿ ದಾವಲ್‌ಸಾಬ್ರ?”

“ನಿಮಗ ಹೇಳಬಾರ್ದು ಅಂತನೂ ನಿಯಮದಾಗ ಐತಿ. ಸ್ಕ್ಯಾನ್ ಕೋಣಿ ಮಾತು ಲೆಕ್ಕದ ಕೋಣಿಗೆ ಹೋಗಬಾರ್ದು, ಲೆಕ್ಕದ ಕೋಣಿ ಮಾತು ನಮಗ ಬರಬಾರ್ದು. ಅದಕ್ಕ ಶೀಟಿನಾಗ ಬರದೆ.” ಅವನು ಲೋಟ ಕೆಳಗಿಟ್ಟ. “ಏನಾತ್ರಿ ಈಗ? ಆ ಹುಡುಗಿ ಚಲೋ ಅದಾಳಲ್ಲ? ಬೇಕು ಅಂದಾಳ ಅಂತ ಎಲ್ಲಾರೂ ಪೇಢಾ ತಿಂದಿದ್ವಿ.”

ಅವಳು ಮತ್ತೊಮ್ಮೆ ಬಿಡಿಸಿ ಹೇಳಿದಳು. ಈ ಸಲ ಅವನಿಗೆ ತಿಳಿಯಿತು. “ಯಾ ಅಲ್ಲಾ” ಎಂದು ಮರಕ್ಕೆ ಒರಗಿ ಕೂತುಬಿಟ್ಟ.

ಬೈಯಲು ಬಾಯಿ ಬರಲಿಲ್ಲ ಅವಳಿಗೆ. ಬಳೆ ಒಡೆದರೆ ಹೆಚ್ಚಿದವು ಎನ್ನುವ, ದೀಪ ಆರಿಸು ಎನ್ನಲಾರದೆ ದೊಡ್ಡದು ಮಾಡು ಎನ್ನುವ, ಹೊರಟು ನಿಂತಾಗ ಬರ್ತೀನಿ ಎಂದೇ ಹೇಳುವ ಜನ ಇವರು. ಇಂಥವರ ಮನೆಯನ್ನೇ ‘ಇಲ್ಲ’ದ ಗುರುತು ಮಾಡಿದ್ದು ಯಾರು? ಅವಳೇ. ಟೆನಿಸ್ ನಡೆಯುವುದಿಲ್ಲ ಎಂದು ತಿಳಿದವಳಿಗೆ ಇದು ತಿಳಿಯಲಿಲ್ಲ. ಎಂದಾದರೂ ಒಬ್ಬ ತಾಯಿ ಬಂದು ಬದಲಿಸಿ ಎನ್ನುತ್ತಾಳೆ, ಎಂದಾದರೂ ಒಬ್ಬ ಮೆತ್ತನೆಯ ಮನುಷ್ಯ ಹೂಂ ಎನ್ನುತ್ತಾನೆ ಎಂದು ಹೊಳೆಯಲಿಲ್ಲ. ಪುಸ್ತಕ ಬರೆದ ಪರದೇಶದವರಿಗೆ ತಿಳಿಯದಿದ್ದರೆ ಸರಿ; ಇವರ ನಡುವೆಯೇ ಬೆಳೆದ ಅವಳಿಗೆ ತಿಳಿಯಬೇಕಿತ್ತು.

ಕೇಂದ್ರದ ಮುಖ್ಯಸ್ಥ ಡಾಕ್ಟರ್ ಸುಬೋಧ ಕಟ್ಟಿ ಎಲ್ಲವನ್ನೂ ಕೇಳಿ ಕನ್ನಡಕ ತೆಗೆದಿಟ್ಟರು. ಮೊದಲು ವಾರ್ಡಿಗೆ ಫೋನ್ ಮಾಡಿ, ಕಸ್ತೂರಿಗೆ ಈಗಿಂದೀಗಲೇ ನೋವಿನ ಇಂಜೆಕ್ಷನ್ ಶುರು ಮಾಡಲು ಹೇಳಿದರು. ಆಮೇಲೆ ನಿಧಾನವಾಗಿ ಮಾತಾಡಿದರು.

“ಬೇಡ ಎಂಬ ಉತ್ತರಕ್ಕೆ ಕಾಯ್ದೆಯಲ್ಲಿ ಮೂವತ್ತು ದಿನ ಮಾತ್ರ ಬೆಲೆ. ಅದು ಎಂದೋ ಮುಗಿದಿದೆ. ಈಗ ಹೊಸದಾಗಿ ಕೇಳಬೇಕು. ವಾರ್ಷಿಕ ತಪಾಸಣೆ ಅಂತ ಹೇಳಿ ಸ್ಕ್ಯಾನ್ ಮಾಡೋಣ. ಹಳೇ ತಪ್ಪಿನ ಸುದ್ದಿ ತಾಯಿಗೆ ಯಾಕೆ?”

“ನಾನೇ ಹೇಳಿದ ಸುಳ್ಳು ಸರ್ ಅದು. ನಾನೇ ಹೋಗಿ ತಗೀಬೇಕು.”

“ನೀಲಗಂಗಾ, ಆ ತಾಯಿ ಹದಿನಾಲ್ಕು ತಿಂಗಳಿಂದ ಆ ಮಾತಿನ ಮೇಲೆ ಜೀವ ಹಿಡ್ಕೊಂಡಿದ್ದಾಳೆ. ತೆಗೆದರೆ ಉಳಿಯೋದೇನು?”

ಅವಳು ಕಸ್ತೂರಿಯ ಫೈಲನ್ನು ಎತ್ತಿಕೊಂಡು ಹೊರಗೆ ಬಂದಳು.

ಸಂಜೆ ಮನೆಯಲ್ಲಿ ಅತ್ತೆ ರೊಟ್ಟಿ ಬಡಿಯುತ್ತಿದ್ದಳು. ದಿನವೂ ಕೇಳುವ ಸಪ್ಪಳ. ಅಂದು ನೀಲಗಂಗಾ ಒಳಗೆ ಹೋಗದೆ ಅಡುಗೆಮನೆಯ ಬಾಗಿಲಲ್ಲೇ ನಿಂತಳು. ಆ ಹುಡುಗಿ ಕತ್ತಲಲ್ಲಿ ಮಲಗಿ, ಇಷ್ಟೇ ಶ್ರದ್ಧೆಯಿಂದ, ಐದು ಸಲ, ಒಲ್ಲೆ ಒಲ್ಲೆ ಎಂದು ಬಡಿದಿದ್ದಳು. ನೋವೆಂದು ಹೇಳಲು ಮನೆಯ ತುಂಬ ನಡೆದಿದ್ದಳು. ನೀಲಗಂಗಾ ಅದನ್ನು ನೋಡಿ ಹಿಗ್ಗಿದ್ದಳು.

“ಅತ್ತಿ, ಒಬ್ಬಾಕಿ ತಾಯಿಗೆ ನಿನ್ನ ಮಗಳು ಬದುಕ್ತೀನಿ ಅಂದಾಳ ಅಂತ ಹೇಳಿದ್ದೆ. ಸುಳ್ಳಾತು. ಒಲ್ಲೆ ಅಂದಿದ್ಲು ಅಕಿ. ಹೇಳಲೋ ಬ್ಯಾಡೋ?”

ಈರವ್ವನ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಕರಕಲಾಯಿತು. “ಹಡದಾಕಿ ಮುಂದ ಅಂಥಾ ಮಾತು ಹೆಂಗ ಆಡ್ತೀ?” ಎಂದಳು. ಸುಟ್ಟ ರೊಟ್ಟಿಯನ್ನು ಕಿತ್ತು ಪಕ್ಕಕ್ಕಿಟ್ಟಳು. “ಆದ್ರ ಅಕಿ ಹೇಳಿದ್ದು ಅಕೀದಲ್ಲೇನ? ನಿಂದೂ ಅಲ್ಲ, ಅಕಿ ಅವ್ವಂದೂ ಅಲ್ಲ.”

ಮರುದಿನ ಹನ್ನೊಂದು ಗಂಟೆಗೆ ನೀಲಗಂಗಾ ಮೂರನೆಯ ಮಹಡಿ ಹತ್ತಿದ್ದು ಹೇಳಬೇಕು ಎಂದು ಗಟ್ಟಿ ಮಾಡಿಕೊಂಡೇ. ವಾರ್ಡಿನ ಬಾಗಿಲಲ್ಲಿ ಹಿರಿಯ ನರ್ಸ್ ಎದುರಾದಳು.

“ಅಂತೂ ಇಂಜೆಕ್ಷನ್ ಬರದ್ರಲ್ರಿ ಮೇಡಂ. ಪುಣ್ಯಾ ಬಂತು ನೋಡ್ರಿ. ಆ ಅಮ್ಮ ಇಲ್ಲಿಗೆ ಬಂದ ದಿನದಿಂದ ನನ್ನ ಮಗಳಿಗೆ ನೋವಿಂದು ಕೊಡ್ರಿ, ನೋವಿಂದು ಕೊಡ್ರಿ ಅಂತ ಕಾಲಿಗೆ ಬೀಳೂದೊಂದು ಬಾಕಿ. ರಿಪೋರ್ಟಿನಾಗ ನೋವಿಲ್ಲ ಅಂತ ಐತೆಲ್ರಿ ಅಮ್ಮಾ, ನಿಮ್ಮ ಮಗಳ ಹೇಳ್ಯಾಳಲ್ಲ, ಅಂತ ಸಾಕಾಗೂ ಮಟ ಹೇಳೇವಿ.”

ನೀಲಗಂಗಾಗೆ ಅಂದು ಫಕ್ಕೀರವ್ವ ಕೇಳಿದ್ದು ನೆನಪಾಯಿತು. ರೊಟ್ಟಿ ಬಡದಾಳೇನ? ಮನಿಯಾಗ ಅಡ್ಡಾಡಿಲ್ಲೇನ? ಗುರುತು ಬದಲಾದದ್ದು ದಾವಲ್‌ಸಾಬನಿಗೆ ಗೊತ್ತಿತ್ತು, ಚಿತ್ರದಲ್ಲಿ ಕಂಡದ್ದು ರೊಟ್ಟಿಯೋ ಮನೆಯೋ ಗೊತ್ತಿರಲಿಲ್ಲ. ಅದು ನೀಲಗಂಗಾಗೆ ಗೊತ್ತಿತ್ತು, ಗುರುತು ಬದಲಾದದ್ದು ಗೊತ್ತಿರಲಿಲ್ಲ. ಎರಡೂ ಕೋಣೆಯ ಮಾತು ಗೊತ್ತಿದ್ದವಳು ಇಡೀ ಕೇಂದ್ರದಲ್ಲಿ ಒಬ್ಬಳೇ, ಆ ತಾಯಿ. ಅವಳು ಅವತ್ತು ಅತ್ತದ್ದು ಸಂತೋಷಕ್ಕಲ್ಲ.

ಫಕ್ಕೀರವ್ವ ಮಗಳ ಮಂಚದ ಬಳಿ ಕೂತು ಅವಳ ಅಂಗೈಗೆ ಎಣ್ಣೆ ತಿಕ್ಕುತ್ತಿದ್ದಳು. ಖಾನಾವಳಿ ಮುಚ್ಚಿ ವರ್ಷವಾಗಿತ್ತು. ನೀಲಗಂಗಾಳ ಮುಖ ನೋಡಿದ್ದೇ ಅವಳ ಕೈ ನಿಧಾನವಾಯಿತು.

“ನಿಮಗ ಗೊತ್ತಿತ್ತು” ಎಂದಳು ನೀಲಗಂಗಾ.

ಫಕ್ಕೀರವ್ವ ಇಲ್ಲ ಎನ್ನಲಿಲ್ಲ. “ಬೇಕು ಅಂದಾಳ ಅಂತ ನೀವು ಅಂದ್ರಿ ಯವ್ವಾ. ನಾ ಅನ್ಲಿಲ್ಲ. ಕಾಗದದಾಗೂ ಹಂಗ ಬರದಿತ್ತು, ಸಿಕ್ಕಾ ಹೊಡದಿತ್ತು. ನಾ ಬಾಯಿ ತಗದಿದ್ರ ಅವತ್ತ ಅಕಿನ್ನ ಕಳಸಿಬಿಡ್ತಿದ್ರಿ.”

“ನೋವೈತಿ ಅಂದಿದ್ಲು ಅಕಿ.”

“ಹೂಂ. ಮನಿಯಾಗ ಅಡ್ಡಾಡ್ಯಾಳ ಅಂದ್ರೆಲ್ಲ, ಅವಾಗ ತಿಳೀತು.” ಅವಳು ಮತ್ತೆ ಎಣ್ಣೆ ತಿಕ್ಕತೊಡಗಿದಳು. “ದಿನಾ ತಿಕ್ಕೇನಿ. ದಿನಾ ಕಿವಿಯಾಗ ಹೇಳೇನಿ, ಇನ್ನೊಂದೀಟ ತಡಕೋ ಮಗಳ, ಎದ್ದಮ್ಯಾಲ ಎಷ್ಟ ಬೇಕಾದ್ರೂ ಬೈಯಿ ಅಂತ. ಏಳ್ತಾಳ ಅಂತ ತಿಳಕೊಂಡಿದ್ದೆ. ಹೆತ್ತಾಕಿ ನಾ, ಇನ್ನೇನ ತಿಳ್ಕೋಲಿ?”

ನೀಲಗಂಗಾಗೆ ಕೆಟ್ಟ ಸಿಟ್ಟು ಬಂತು. ಇವಳನ್ನು ಹಿಡಿದು ಅಲುಗಾಡಿಸಬೇಕು ಅನ್ನಿಸಿತು. ಆದರೆ ಸುಳ್ಳನ್ನು ಮೊದಲು ಆಡಿದ ಬಾಯಿ ಯಾವುದು? ಸಿಕ್ಕಾ ಹೊಡೆದ ಕೈ ಯಾವುದು? ಮುಳುಗುವವಳ ಮುಂದೆ ಹಗ್ಗ ಎಸೆದು, ಹಿಡಿದೆ ಏಕೆ ಎಂದು ಕೇಳುವ ಮುಖ ಅವಳಿಗೆ ಉಳಿದಿರಲಿಲ್ಲ. ಮಂಚದ ಇನ್ನೊಂದು ಬದಿಗೆ ಹೋಗಿ ಕಸ್ತೂರಿಯ ಇನ್ನೊಂದು ಕೈ ಹಿಡಿದಳು. ಇನ್ನೂರು ರೊಟ್ಟಿಯ ಕೈ. ಬೆರಳುಗಳು ಒಳಮುಖವಾಗಿ ಸೆಟೆದುಕೊಂಡಿದ್ದವು.

“ಮತ್ತ ಕೇಳಬೇಕ್ರಿ ಅವ್ವಾ” ಎಂದಳು. “ಈ ಸಲ ಅಕಿ ಏನಂತಾಳೋ ಅದ.”

ಫಕ್ಕೀರವ್ವ ಎಣ್ಣೆಯ ಬಟ್ಟಲು ಕೆಳಗಿಟ್ಟು ಮಗಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಹೊರಗೆ ಊಟದ ಗಾಡಿಯ ಸಪ್ಪಳ ಬಂದು ಹೋಯಿತು. “ಕೇಳ್ರಿ” ಎಂದಳು ಕೊನೆಗೆ. “ಮೊದಲಿದ್ದಂಗ ಕೇಳ್ರಿ. ನಾ ಏನೂ ಬದಲಸು ಅನ್ನಂಗಿಲ್ಲ. ಒಲ್ಲೆ ಅಂದ್ರ… ಹೂಂ ಅಂತೀನಿ. ನನಗೂ ಸಾಕಾಗೈತಿ ಯವ್ವಾ, ಒಬ್ಬಾಕಿನ ಇದನ್ನ ಹೊಟ್ಟಿಯಾಗ ಇಟಗೊಂಡು.”

ಸೋಮವಾರ ಸ್ಕ್ಯಾನ್ ಆಯಿತು. ನಿಯಮ ಬದಿಗಿಟ್ಟು ನೀಲಗಂಗಾ ದಾವಲ್‌ಸಾಬನ ಪಕ್ಕದಲ್ಲೇ ನಿಂತಳು. ಡಾಕ್ಟರ್ ಕಟ್ಟಿ ಬೇಡ ಅನ್ನಲಿಲ್ಲ. ದಾವಲ್‌ಸಾಬ್ ಕಸ್ತೂರಿಯ ಹಣೆ ಸವರಿದ. ಈ ಸಲ ‘ಹೆದರಬ್ಯಾಡ’ ಅನ್ನದೆಯೇ ಯಂತ್ರ ಶುರು ಮಾಡಿದ. ಮೈಕಿನಲ್ಲಿ ಒಂದೊಂದೇ ಮಾತು ಬಿಡಿಸಿ ಹೇಳಿದ: ಹೌದು ಅಂದರೆ ರೊಟ್ಟಿ, ಇಲ್ಲ ಅಂದರೆ ಮನೆ. ಪರೀಕ್ಷೆಯ ಪ್ರಶ್ನೆ ಐದು ಸಲ ಕೇಳಿದರು. ನಿನ್ನ ಹೆಸರು ಕಸ್ತೂರಿಯೇ?

ಲೆಕ್ಕ ಮುಗಿದು ಪರದೆಯ ಮೇಲೆ ಉತ್ತರ ಬಂತು. ಕೈಯ ಅಂಕಣದಲ್ಲಿ ಏನೂ ಇಲ್ಲ. ಮನೆಯ ಅಂಕಣದಲ್ಲಿ ಏನೂ ಇಲ್ಲ. ಕೈಯಲ್ಲಿ ಮನೆ ಕಳೆದರೆ ಸೊನ್ನೆ. ನೋವಿನ ಪ್ರಶ್ನೆಗೂ ಸೊನ್ನೆ, ಯಂತ್ರದ ಪ್ರಶ್ನೆಗೂ ಸೊನ್ನೆ. ಕಾಯ್ದೆ ಇಂಥವರ ಬಗ್ಗೆ ಒಂದೇ ಸಾಲು ಹೇಳುತ್ತದೆ: ಉತ್ತರ ಕೊಡದವರ ಯಂತ್ರವನ್ನು ಯಾರೂ ನಿಲ್ಲಿಸತಕ್ಕದ್ದಲ್ಲ.

ಹೊರಗೆ ಬೆಂಚಿನ ಮೇಲೆ ಕೂತಿದ್ದ ಫಕ್ಕೀರವ್ವ ಎದ್ದು ನಿಂತಳು. “ಏನಂದ್ಲು?”

“ಏನೂ ಅನ್ಲಿಲ್ರಿ ಅವ್ವಾ.”

“ರೊಟ್ಟಿ?”

“ಇಲ್ಲ.”

“ಮನಿ?”

“ಅದೂ ಇಲ್ಲ. ಹೆಸರು ಕೇಳಿದ್ರೂ ಮಾತಾಡ್ಲಿಲ್ಲ.”

ನಡೆದದ್ದೇನೆಂದು ನೀಲಗಂಗಾಗೆ ಗೊತ್ತಿತ್ತು. ಹದಿನಾಲ್ಕು ತಿಂಗಳಲ್ಲಿ ಒಂದು ದಿನ, ಬಹುಶಃ ಯಾರೂ ಗಮನಿಸದ ಒಂದು ಮಧ್ಯಾಹ್ನ, ಒಳಗಿದ್ದವಳು ಸದ್ದಿಲ್ಲದೆ ಮುಗಿದುಹೋಗಿದ್ದಳು. ಅದನ್ನು ಹೇಗೆ ಹೇಳಬೇಕೆಂದು ಅವಳು ಬಾಯಿ ತೆರೆಯುವಷ್ಟರಲ್ಲಿ ಫಕ್ಕೀರವ್ವನೇ ಮಾತಾಡಿದಳು.

“ಸಿಟ್ಟಾಗ್ಯಾಳ” ಎಂದಳು. “ನನ್ನ ಮ್ಯಾಲ ಸಿಟ್ಟಾಗ್ಯಾಳ. ಆಗಬೇಕಾದ್ದ. ಮೂರು ದಿನ ಬಿಡ್ರಿ ಯವ್ವಾ. ನಾಕನೇ ದಿನ ಕೇಳ್ರಿ. ಮಾತಾಡ್ತಾಳ.”

ಒಂದೇ ವಾರದೊಳಗೆ ಇನ್ನೊಮ್ಮೆ ಕೇಳಲು ಕಾಯ್ದೆಯಲ್ಲಿ ಅವಕಾಶವಿತ್ತು. ಗುರುವಾರ ಬೆಳಿಗ್ಗೆ ಫಕ್ಕೀರವ್ವ ಯಾರದೋ ಮನೆಯ ಒಲೆ ಬೇಡಿಕೊಂಡು ರೊಟ್ಟಿ ಮಾಡಿ, ಬಿಳಿ ಬಟ್ಟೆಯಲ್ಲಿ ಕಟ್ಟಿಕೊಂಡು ಬಂದಳು. ದಾವಲ್‌ಸಾಬ್ ಯಂತ್ರ ಶುರು ಮಾಡುವ ಮುನ್ನ, ಅವಳು ಹೇಳಿಕೊಟ್ಟ ಮಾತನ್ನು ಮೈಕಿನಲ್ಲಿ ಹೇಳಿದ: “ಕಸ್ತೂರಿ, ನಿಮ್ಮವ್ವ ಬಿಸಿ ರೊಟ್ಟಿ ತಂದಾಳ. ಹೊರಗ ಕುಂತಾಳ.”

ಮಧ್ಯಾಹ್ನದ ಹೊತ್ತಿಗೆ ಚಿತ್ರಗಳು ಲೆಕ್ಕದ ಕೋಣೆಗೆ ಬಂದವು. ನೀಲಗಂಗಾ ಅಂಕಣಗಳ ಹೆಸರು ಓದಿದಳು. ದಾವಲ್‌ಸಾಬನ ಶೀಟು ತೆಗೆದು ಅದರೊಂದಿಗೆ ತಾಳೆ ನೋಡಿದಳು. ಷರಾ ಚೌಕ ಖಾಲಿಯಿತ್ತು. ಪ್ಲಸ್ ಒಂದು, ಮೈನಸ್ ಒಂದು, ಕೂಡಿದರೆ ಸೊನ್ನೆ. ಗುಂಡಿ ಒತ್ತಿದಳು. ಪರದೆ ಕೆಂಪಾಗಲಿಲ್ಲ; ಕೈಯೂ ಸೊನ್ನೆ, ಮನೆಯೂ ಸೊನ್ನೆ. ಎಲ್ಲಾದರೂ ಒಂದು ತಪ್ಪು ಸಿಗಲಿ ಎಂದು ಅವಳು ಮೊದಲಿನಿಂದ ಮತ್ತೆ ಹುಡುಕಿದಳು. ಮೂರನೆಯ ಸಲವೂ ಹುಡುಕಿದಳು. ಎಲ್ಲವೂ ಸರಿಯಾಗಿತ್ತು.

ಕಾರಿಡಾರಿನ ಬೆಂಚಿನ ಮೇಲೆ ಫಕ್ಕೀರವ್ವ ಇನ್ನೂ ಕೂತಿದ್ದಳು. ಆರದಿರಲಿ ಎಂದು ರೊಟ್ಟಿಯ ಗಂಟಿನ ಮೇಲೆ ಸೆರಗು ಹೊದಿಸಿ, ಎರಡೂ ಕೈ ಅದರ ಮೇಲಿಟ್ಟುಕೊಂಡಿದ್ದಳು.